ದೀಕ್ಷೆಯ ಆಚೆಗೂ ಉಳಿಯುವ ಜಾತಿ: ಕಥೋಲಿಕ ಧರ್ಮಸಭೆಯ ಮುಂದಿರುವ ಪ್ರಶ್ನೆ

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದ ಸಂಗತಿ ದಲಿತ ಸಾಹಿತ್ಯದ ವಿದ್ಯಾರ್ಥಿಗಳೆಲ್ಲರಿಗೂ ತಿಳಿದದ್ದೇ. ದೀಕ್ಷೆಯ ನಂತರದ ಕಥೆಯನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಧರ್ಮಕ್ಕೆ ಕಟ್ಟಿಹಾಕಿತ್ತು. ಸಿಖ್ಖರಿಗೆ 1956ರಲ್ಲಿ ಅದು ಸಡಿಲಗೊಂಡಿತು. ನಾಗಪುರದ ನವಬೌದ್ಧರು 1990ರವರೆಗೆ ಕಾಯಬೇಕಾಯಿತು. ಧರ್ಮ ಬದಲಾದರೂ ಕೇರಿ ಬದಲಾಗದೆಂಬುದನ್ನು ರಾಷ್ಟ್ರವು ಒಪ್ಪಿಕೊಳ್ಳಲು ಮೂವತ್ತನಾಲ್ಕು ವರ್ಷ ಹಿಡಿಯಿತು. ಕ್ರೈಸ್ತ ದಲಿತರ ವಿಷಯದಲ್ಲಿ ಆ ಒಪ್ಪಿಗೆ 1990ರಲ್ಲಿಯೂ ದೊರೆಯಲಿಲ್ಲ.

ಕಥೋಲಿಕ ಧರ್ಮಾಧ್ಯಕ್ಷರು ಬಹುಕಾಲದಿಂದ ಈ ಮಾನ್ಯತೆಯನ್ನು ಕೇಳುತ್ತ ಬಂದಿದ್ದಾರೆ. ಬೇಡಿಕೆ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. 2007ರಲ್ಲಿ ರಂಗನಾಥ ಮಿಶ್ರ ಆಯೋಗವೂ ಧರ್ಮದ ಈ ನಿರ್ಬಂಧವನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು. ಆದರೆ ಇಲ್ಲೊಂದು ತೊಡಕಿದೆ. ಮದರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಕ್ರೈಸ್ತನೊಬ್ಬ, ಚರ್ಮಕಾರರಿಗೆ ಸರ್ಕಾರ ಕೊಡುತ್ತಿದ್ದ ಪೆಟ್ಟಿಗೆಯಂಗಡಿ ತನಗೆ ದೊರೆಯದೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ. ಮತಾಂತರದ ನಂತರವೂ ಕ್ರೈಸ್ತ ಸಮುದಾಯದೊಳಗೆ ಜಾತಿಯ ಬಾಧೆ ಅಷ್ಟೇ ತೀವ್ರವಾಗಿ ಮುಂದುವರಿದಿದೆಯೆಂಬುದಕ್ಕೆ ಆಧಾರ ಸಾಲದೆಂದು ನ್ಯಾಯಾಲಯ 1985ರಲ್ಲಿ ಅವನ ಅರ್ಜಿಯನ್ನು ತಳ್ಳಿಹಾಕಿತು. ಎಂದರೆ, ಧರ್ಮಸಭೆಯು ಈ ವ್ಯಾಜ್ಯವನ್ನು ಗೆಲ್ಲಬೇಕಾದರೆ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯಬೇಕು!

ಆ ಸಾಕ್ಷಿಗೇನೂ ಕೊರತೆಯಿಲ್ಲ. ತಿರುಚಿರಾಪಳ್ಳಿಯ ಮೇಲಪುದೂರಿನ ಕಥೋಲಿಕ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸಲೆಂದೇ ಗೋಡೆ ಎದ್ದಿತ್ತು. ಜ್ಞಾನಸ್ನಾನದ ನೀರು ತೊಳೆಯದ ಮೈಲಿಗೆಯನ್ನು ಮಣ್ಣೂ ಮರೆಸಲಿಲ್ಲ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ದಲಿತ ಸಬಲೀಕರಣ ನೀತಿಯನ್ನು ಪ್ರಕಟಿಸಿ ಅಸ್ಪೃಶ್ಯತೆಯನ್ನು ಘೋರ ಸಾಮಾಜಿಕ ಪಾಪವೆಂದು ಕರೆಯಿತು. ದೇಶದ ಸುಮಾರು 1.9 ಕೋಟಿ ಕಥೋಲಿಕರಲ್ಲಿ 1.2 ಕೋಟಿ ಜನ ದಲಿತರೆಂದೂ, ಧರ್ಮಾಧ್ಯಕ್ಷರಲ್ಲಿ ದಲಿತರು ಕೇವಲ 12 ಮಂದಿಯೆಂದೂ ಒಪ್ಪಿಕೊಂಡಿತು. ದಲಿತ ಮೂಲದ ಪ್ರಥಮ ಕಾರ್ಡಿನಲ್ ಆಗಿ ಹೈದರಾಬಾದಿನ ಅಂತೋನಿ ಪೂಲ ಅವರು ನೇಮಕಗೊಂಡದ್ದು 2022ರಲ್ಲಿ.

ಹೊರಗೆ ನಿಂತು ಬೆರಳು ತೋರಿಸುವ ಅಧಿಕಾರ ನಮಗಿದೆಯೆಂದೇನೂ ಅಲ್ಲ. ಲಿಂಗದೀಕ್ಷೆಯಾದವನ ಪೂರ್ವಾಶ್ರಯವನ್ನು ಎತ್ತಬಾರದೆಂಬ ಶರಣರ ನಿಲುವನ್ನು ತರಗತಿಯಲ್ಲಿ ಪಾಠ ಹೇಳುತ್ತಲೇ ಸಹೋದ್ಯೋಗಿಗಳ ಒಳಪಂಗಡವನ್ನು ಲೆಕ್ಕ ಹಾಕಬಲ್ಲವರು ನಾವು. 2025ರ ಕರ್ನಾಟಕದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಪಟ್ಟಿಯಲ್ಲಿ ಜಾತಿಯ ಹೆಸರಿನೊಡನೆ ‘ಕ್ರಿಶ್ಚಿಯನ್’ ಎಂಬ ಪದ ಕಂಡಾಗ ಎದ್ದ ಗದ್ದಲವೂ ಇಂಥದೇ: ಅಂಥ ಜನರಿದ್ದಾರೆಯೇ ಎಂದು ಕೇಳಿದವರಿಗಿಂತ ಆ ಹೆಸರು ಏಕಿದೆಯೆಂದು ಕೆರಳಿದವರೇ ಹೆಚ್ಚು.

ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಬಲಿಪೂಜೆ ಲತೀನಿನಿಂದ ಕನ್ನಡಕ್ಕೆ ಬಂತು. ಆ 2016ರ ನೀತಿಪತ್ರವನ್ನೂ ಒಂದು ಭಾನುವಾರ ಪ್ರಬೋಧನೆಯ ವೇಳೆಯಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ಕನ್ನಡದಲ್ಲಿಯೇ ಓದಿಹೇಳಲಿ. ದೆಹಲಿಗೆ ಮನವಿಪತ್ರ ಹೋಗುವುದು ಆಮೇಲಾಗಲಿ.