ಐವರು ಸೆರೆಮನೆ ಕಂಡ ಕಾಲುದಾರಿ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದ ನಾವು ದಂಪತಿಗಳು, ವಸಂತವು ಮುಗಿಯುತ್ತ ಬಂದ ಮೇ ತಿಂಗಳ ಒಂದು ಭಾನುವಾರ ಹನ್ನೆರಡು ಜನರ ನಡಿಗೆಯ ತಂಡವನ್ನು ಸೇರಿಕೊಂಡೆವು. ಹೇಫೀಲ್ಡ್ ಎಂಬ ಊರಿನಿಂದ ಹೊರಟು, 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್ ಪ್ರಸ್ಥಭೂಮಿಯ ಅಂಚನ್ನು ಮುಟ್ಟಿಬರುವುದು ಅಂದಿನ ಉದ್ದೇಶವಾಗಿತ್ತು.

ಮೊದಲು ಸಿಕ್ಕದ್ದು ಕಾಡು. ಎಳೆಯ ಎಲೆಗಳ ನೆರಳಿನಲ್ಲಿ ಬ್ಲೂಬೆಲ್ ಹೂಗಳ ನೀಲಿ ಇನ್ನೂ ಉಳಿದಿತ್ತು. ತೊರೆಯ ಬದಿಯ ಏರು ಮುಗಿಯುತ್ತಿದ್ದಂತೆ ಮರಗಳು ಹಿಂದುಳಿದು, ಕಣ್ಣು ಹಾಯುವವರೆಗೂ ಹೆದರ್ ಗಿಡಗಳ ಕಂದು ಬಯಲು. ಅವು ಹೂಬಿಡುವುದು ಆಗಸ್ಟ್ ತಿಂಗಳಿನಲ್ಲಿ. ಕಾಲಡಿಯ ಕಪ್ಪು ನೆಲ ಬರಿಯ ಮಣ್ಣಲ್ಲ. ನೀರು ನಿಂತು ಪೂರ್ತಿ ಕೊಳೆಯದ ಪಾಚಿಯು ಸಾವಿರಾರು ವರ್ಷ ಪದರಗಟ್ಟಿ ಆದ ಪೀಟ್. ಕಾರ್ಖಾನೆಗಳ ಹೊಗೆಯಿಂದ ಆ ಪಾಚಿ ಬಹುಪಾಲು ಸತ್ತಿತ್ತು. ಈಗ ಅದನ್ನು ಮತ್ತೆ ನೆಟ್ಟು ಬೆಳೆಸುತ್ತಿದ್ದಾರೆ.

ಈ ಬೆಟ್ಟ ಒಂದು ಕಾಲಕ್ಕೆ ಶ್ರೀಮಂತರ ಬೇಟೆಯ ತಾಣ; ಕಾವಲುಗಾರರು ಜನರನ್ನು ಒಳಗೆ ಬಿಡುತ್ತಿರಲಿಲ್ಲ. 1932ರ ಏಪ್ರಿಲ್ 24ರಂದು ಇಪ್ಪತ್ತರ ತರುಣ ಬೆನ್ನಿ ರಾಥ್‌ಮನ್ ಮೊದಲಾದವರ ಮುಂದಾಳುತನದಲ್ಲಿ ನೂರಾರು ದುಡಿಯುವ ಜನ ಇದೇ ಹೇಫೀಲ್ಡಿನಿಂದ ಅಪ್ಪಣೆಯಿಲ್ಲದೆ ಮೇಲೇರಿದರು. ಐವರಿಗೆ ಸೆರೆವಾಸವಾಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು. 1951ರಲ್ಲಿ ಈ ಪೀಕ್ ಡಿಸ್ಟ್ರಿಕ್ಟ್ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಇಂತಹ ಬಯಲುಗಳಲ್ಲಿ ನಡೆದಾಡುವ ಹಕ್ಕನ್ನು ಕಾನೂನು ಎಲ್ಲರಿಗೂ ಕೊಟ್ಟದ್ದು 2000ದಲ್ಲಿ. ಆದರೆ ಹಕ್ಕಿನ ಜೊತೆಗೆ ಕಟ್ಟುಪಾಡೂ ಉಂಟು. ನೆಲದಲ್ಲಿ ಗೂಡುಕಟ್ಟುವ ಹಕ್ಕಿಗಳಿಗಾಗಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು ಗಿಡ್ಡ ಹಗ್ಗದಲ್ಲಿಯೇ ಹಿಡಿದಿರಬೇಕು.

ಏರಿನಲ್ಲಿ ನಮ್ಮ ಮನೆಯವರ ಮಂಡಿ ಹಿಡಿಯಿತು. ಎಲ್ಲರ ದಿನವನ್ನೂ ಕೆಡಿಸಿದೆವೆಂಬ ನಾಚಿಕೆಯಿಂದ, 'ನೀವು ಮುಂದೆ ನಡೆಯಿರಿ' ಎಂದೆವು. ತಂಡದ ಹಿಂದೆ ಬರುತ್ತಿದ್ದ ಹಿರಿಯ ಹೆಂಗಸು ಕಲ್ಲಿನ ಮೇಲೆ ಕುಳಿತು, ಚಹದ ಫ್ಲಾಸ್ಕ್ ತೆರೆದು, 'ಕೊನೆಯವರೊಡನೆ ಬರುವುದೇ ಇಂದಿನ ನನ್ನ ಕೆಲಸ' ಎಂದರು. ಮುಂದೆ ಹೋದವರೂ ಮೇಲೆ ಕಾದಿದ್ದರು. ತಡವಾಗಿಯಾದರೂ ಅಂಚನ್ನು ಮುಟ್ಟಿದೆವು. ಒಬ್ಬರೂ ಗಡಿಯಾರ ನೋಡಲಿಲ್ಲ.

ಇಳಿಯುವಾಗ ನಮಗೆ ನಮ್ಮೂರ ಬಂಡಿದಾರಿ ನೆನಪಾಯಿತು. ತಂದೆಯವರ ಕೈಹಿಡಿದು ಹೊಲಕ್ಕೆ ಹೋಗುತ್ತಿದ್ದ ಆ ದಾರಿಗೆ ಯಾರೋ ಬೇಲಿ ಹಾಕಿದಾಗ, 'ನಮಗೇಕೆ' ಎಂದು ಸುಮ್ಮನಿದ್ದವರು ನಾವೇ. ನಡೆಯುವವರಿಲ್ಲದ ದಾರಿಗೆ ವಾರಸುದಾರರೂ ಇರುವುದಿಲ್ಲ. ಊರಿಗೆ ಮರಳಿದ ಮೇಲೆ ಮೊಮ್ಮಕ್ಕಳನ್ನು ಕರೆದುಕೊಂಡು ಆ ಬೇಲಿಯವರೆಗಾದರೂ ಹೋಗಿ, ಹೊಲದವರನ್ನು ಕಂಡು ಮಾತನಾಡಬೇಕೆಂದಿದ್ದೇವೆ. ನಿಮ್ಮೂರಿನಲ್ಲಿಯೂ ಅಂಥದೊಂದು ದಾರಿ ಇದ್ದೀತು. ಈ ರಜೆಯಲ್ಲಿ ಮಕ್ಕಳೊಡನೆ ಒಮ್ಮೆ ನಡೆದು ನೋಡಬಾರದೆ?