ಹರಗೋಲಿನ ರಿಪೇರಿ: ತೊಗಲು ನಮ್ಮ ಕೆಲಸ, ಎಲುಬು ಮೇದಾರರ ಕೆಲಸ



ಮುಂಗಾರು ಹತ್ತಿರ ಬಂತು. ಎಲ್ಲರೂ ಕೂರಿಗೆ, ಕುಂಟೆ, ರಂಟೆ ಹೊರಗ ತಗದು ನೋಡ್ತಾ ಇದ್ದೀರಿ. ತುಂಗಭದ್ರಾ, ವರದಾ ದಂಡೆಯ ಊರಿನವರು ಅದರ ಜೊತೆ ಇನ್ನೊಂದನ್ನ ಮಗುಚಿ ನೋಡಬೇಕು. ಅದು ಹರಗೋಲು. ಇವತ್ತಿನ ಬರಹ ಅದರ ರಿಪೇರಿ ಬಗ್ಗೆ. ನಾವೇ ಮಾಡಿಕೊಳ್ಳಬೇಕೋ, ಕೂಲಿ ಕೊಟ್ಟು ಮಾಡಿಸಬೇಕೋ ಅನ್ನೋ ವಾದ ನಮ್ಮ ಕಡೆ ಕಟ್ಟೆ ಮೇಲೆ ಪ್ರತಿ ವರ್ಷ ಬೇಸಿಗೆಗೆ ನಡದೇ ನಡೀತದ.

"ಈಗ ಯಾರ್ರೀ ಹರಗೋಲು ಹಾಕ್ತಾರ, ಸೇತುವೆ ಆಗ್ಯಾವಲ್ಲ" ಅಂತ ಪೇಟೆಯವರು ಕೇಳಬಹುದು. ಹೌದು, ಊರಿಂದ ಊರಿಗೆ ಹೋಗೋರು ಬಸ್ಸು, ಬೈಕು ಹತ್ತತಾರ. ಆದರೆ ಹೊಳೆ ಆಚೆ ಹೊಲ ಇದ್ದವರು, ಮೀನು ಹಿಡಿಯೋರು, ಆಚೆ ದಂಡೆಯಿಂದ ಮೇವು ತರೋರು ಇನ್ನೂ ಅದನ್ನೇ ನಂಬ್ಯಾರ. ಸೇತುವೆ ಸುತ್ತಿ ಹೋಗಿ ಬಂದರೆ ಅರ್ಧ ದಿನ ಹಾಳು. ಹರಗೋಲಿನ್ಯಾಗ ಹೋದರೆ ಎಲೆ ಅಡಿಕೆ ಹಾಕಿ ಮುಗಿಸೋದರೊಳಗ ಆಚೆ ದಂಡೆ.

ವಾದದಲ್ಲಿ ಎರಡು ಗುಂಪು. ಮೊದಲನೆಯವರು "ಎಲ್ಲಾ ನಾವೇ ಮಾಡ್ಕೋಬೇಕು, ಮೊಬೈಲಿನ್ಯಾಗ ವಿಡಿಯೋ ಅದಾವು, ಕೂಲಿ ಉಳೀತದ" ಅಂತಾರ. ಎರಡನೆಯವರು "ನೀರಿನ ಮೇಲಿನ ಸಾಮಾನು, ಬಲ್ಲವರನ್ನ ಕರೆಸು, ತಲೆನೋವು ಬ್ಯಾಡ" ಅಂತಾರ. ನನ್ನ ಪ್ರಕಾರ ಇಬ್ಬರೂ ಹರಗೋಲನ್ನ ಒಂದೇ ಸಾಮಾನು ಅಂದುಕೊಂಡು ಮಾತಾಡ್ತಾರ. ಅದು ಎರಡು ಸಾಮಾನು. ಒಳಗ ಬಿದಿರಿನ ಹೆಣಿಗೆ, ಹೊರಗ ಹೊದಿಕೆ.

ಈ ಮಾತಿಗೆ ಹಳೇ ಸಾಕ್ಷಿ ಐತಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗಲ್ಲಿನ ಪ್ರವಾಸಿ ಡೊಮಿಂಗೊ ಪಯಸ್ ಇದೇ ತುಂಗಭದ್ರೆಯ ಮೇಲೆ ಬುಟ್ಟಿಯಂಥ ದುಂಡನೆ ದೋಣಿ ನೋಡಿ ಬರೆದಿಟ್ಟಿದ್ದಾನೆ. ಒಳಗ ಬಿದಿರು ಬೆತ್ತದಂಥ ಹೆಣಿಗೆ, ಹೊರಗ ತೊಗಲು, ಹದಿನೈದು ಇಪ್ಪತ್ತು ಜನ ಕೂಡಬಹುದು, ಸುತ್ತುತ್ತಲೇ ಸಾಗ್ತದ ಅಂತ. ಐನೂರು ವರ್ಷದಾಗ ಬದಲಾಗಿದ್ದು ಹೊರಮೈ ಮಾತ್ರ. ತೊಗಲು ಹೋಗಿ ತಾಡಪತ್ರಿ ಬಂತು, ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿಯೋದು ಬಂತು. ಒಳಗಿನ ಬಿದಿರು ಹಂಗೇ ಐತಿ. ಹೊದಿಕೆ ಮೊದಲಿನಿಂದಲೂ ಸವೆಯೋ ಸಾಮಾನು, ಬದಲಿ ಮಾಡಲಿಕ್ಕೇ ಇರೋದು. ಹೆಣಿಗೆ ಹಂಗಲ್ಲ.

ಹೊದಿಕೆಯ ರಿಪೇರಿ ನಾವೇ ಕಲೀಬೇಕು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಕಾರಣ ಸರಳ. ತೂತು ಬೀಳೋದು ಹೇಳಿ ಕೇಳಿ ಬೀಳೋದಿಲ್ಲ. ಕಲ್ಲಿಗೆ ತಾಗ್ತದ, ಉಸುಕಿನ ಮೇಲೆ ಎಳೆದಾಗ ತಳ ಸವೀತದ. ಬಿತ್ತನೆ ಹದ ಎರಡು ದಿನಕ್ಕಿಂತ ಹೆಚ್ಚು ನಿಲ್ಲೋದಿಲ್ಲ. ಆವಾಗ ಇನ್ನೊಬ್ಬರ ಮನೆ ಬಾಗಿಲಿಗೆ ನಿಂತರೆ ಹದ ಹೋಗ್ತದ.

ಮಾಡೋ ರೀತಿ ಹೇಳ್ತೀನಿ. ಹರಗೋಲು ಬೋರಲು ಹಾಕಿ ಎರಡು ದಿನ ಪೂರ್ತಿ ಒಣಗಿಸ್ರಿ. ಹಸಿ ಮೈಗೆ ಡಾಂಬರು ಹಿಡಿಯೋದಿಲ್ಲ. ಉಸುಕು, ಪಾಚಿ ಕೆರೆದು ತೆಗೀರಿ. ತೇಪೆ ತೂತಿಗಿಂತ ಸುತ್ತಲೂ ನಾಲ್ಕು ಬೆರಳು ದೊಡ್ಡದಿರಲಿ, ಹೊರಗಿನಿಂದಲೇ ಹಚ್ಚಬೇಕು. ಹೊರಗ ಇದ್ದರೆ ನೀರಿನ ಒತ್ತಡವೇ ಅದನ್ನ ಮೈಗೆ ಒತ್ತಿ ಹಿಡೀತದ, ಒಳಗ ಹಚ್ಚಿದರೆ ಅದೇ ನೀರು ನೂಕಿ ಬಿಡಿಸ್ತದ. ಮೊದಲ ಕೋಟು ಗಟ್ಟಿಯಾದ ಮೇಲೆ ಎರಡನೇದು. ಡಾಂಬರು ಕಾಯಿಸುವಾಗ ಹುಷಾರು. ಡಬ್ಬಿಯೊಳಗ ಒಂದು ಹನಿ ನೀರಿದ್ದರೂ ನೊರೆ ಉಕ್ಕಿ ಮೈ ಮೇಲೆ ಬರ್ತದ. ಉರಿಯ ಹತ್ತಿರ ಸೀಮೆಎಣ್ಣೆ ಇಡಬ್ಯಾಡ್ರಿ, ಮಕ್ಕಳನ್ನ ದೂರ ಕಳಿಸ್ರಿ. ಕೆಲಸ ಮುಗಿದ ಮೇಲೆ ಹರಗೋಲನ್ನ ನೆರಳಿನಲ್ಲಿ ಬೋರಲು ಇಡ್ರಿ. ಬಿಸಿಲಿಗೆ ಡಾಂಬರು ಇಳೀತದ, ಪ್ಲಾಸ್ಟಿಕ್ ಚೀಲ ಪುಡಿ ಪುಡಿ ಆಗ್ತದ.

ಇತ್ತೀಚೆಗೆ ಕೆಲವರ ಹತ್ತಿರ ಫೈಬರ್ ತೆಪ್ಪ ಅದಾವು. ಅದಕ್ಕೂ ಸಣ್ಣ ಸೀಳು ಬಂದರೆ ಮನೆಯಲ್ಲೇ ಮುಚ್ಚಬಹುದು. ಮೈ ಉಜ್ಜಿ ಒರಟು ಮಾಡಿ, ಮ್ಯಾಟ್ ಇಟ್ಟು, ರೆಸಿನ್ ಬಳಿಯೋದು. ನೂರು ಗ್ರಾಂ ರೆಸಿನಿಗೆ ಹಾರ್ಡನರ್ ಒಂದೆರಡು ಗ್ರಾಂ ಸಾಕು. ಬೇಗ ಒಣಗಲಿ ಅಂತ ಜಾಸ್ತಿ ಸುರಿದರೆ ಕಾದು ಬಿರುಕು ಬಿಡ್ತದ. ಹಾರ್ಡನರ್ ಕಣ್ಣಿಗೆ ಬಹಳ ಕೆಟ್ಟದ್ದು, ಕನ್ನಡಕ, ಕೈಚೀಲ ಹಾಕದೆ ಮುಟ್ಟಬ್ಯಾಡ್ರಿ.

ಇನ್ನು ಹೆಣಿಗೆ. ಇಲ್ಲಿ ನನ್ನ ಮಾತು ಉಲ್ಟಾ. ಇದನ್ನ ಮೇದಾರರಿಗೇ ಬಿಡಬೇಕು. ಬಿದಿರಿನ ದಬ್ಬೆ ಒಂದರ ಮೇಲೊಂದು ಅಡ್ಡ ಉದ್ದ ಹಾಯ್ದು ಭಾರ ಹಂಚಿಕೊಂಡಿರ್ತಾವ. ಒಂದು ದಬ್ಬೆ ಮುರಿದರೆ ಅದರ ಪಾಲು ಪಕ್ಕದ ಎರಡರ ಮೇಲೆ ಬೀಳ್ತದ. ನಾವು ಮಾಡೋದೇನು? ಮುರಿದಲ್ಲಿ ಒಂದು ತುಂಡು ಇಟ್ಟು ತಂತಿ ಸುತ್ತತೀವಿ. ಆ ಜಾಗ ಬಿರುಸಾಗ್ತದ, ಬಳುಕೋದಿಲ್ಲ. ಹರಗೋಲು ಬಾಳೋದೇ ಬಳುಕಿ. ಬಿರುಸಾದ ಜಾಗದ ಬಾಜೂಕ ಮುಂದಿನ ಮುರಿತ ಬರ್ತದ, ತಂತಿಯ ತುದಿ ಹೊದಿಕೆಯನ್ನ ಒಳಗಿಂದ ಚುಚ್ಚತದ. ಮೇಲೆ ನೋಡಿದರೆ ಎಲ್ಲಾ ಚಂದ ಕಾಣ್ತದ, ನಡು ಹೊಳೆಯಲ್ಲಿ ಗೊತ್ತಾಗ್ತದ.

ಮೇದಾರರು ಮುರಿದ ದಬ್ಬೆಯನ್ನ ಬುಡದಿಂದ ಬಿಚ್ಚಿ, ಹೊಸದನ್ನ ಪೂರ್ತಿ ಉದ್ದ ಹೆಣೀತಾರ, ಬಾಯಿಯ ಕಟ್ಟು ಮತ್ತೆ ಬಿಗೀತಾರ. ಬಲಿತ ಬಿದಿರು ಯಾವುದು, ಎಳೇದು ಯಾವುದು ಅಂತ ಅವರ ಕೈಗೆ ಗೊತ್ತು. ಎಳೇ ಬಿದಿರಿಗೆ ಹುಳ ಬೇಗ ಬೀಳ್ತದ. ಬಿದಿರಿನ ಒಳಗಿನ ಹಿಟ್ಟಿನಂಶ ತಿನ್ನಲಿಕ್ಕೇ ಆ ಹುಳ ಬರೋದು. ಅದಕ್ಕೇ ಹಿರಿಯರು ಕಡಿದ ಗಳವನ್ನ ವಾರಗಟ್ಟಲೆ ಹರಿಯೋ ನೀರಿನಲ್ಲಿ ನೆನೆಹಾಕ್ತಿದ್ದರು. ಇದೆಲ್ಲ ವಿಡಿಯೋ ನೋಡಿ ಕೈಗೆ ಬರೋ ವಿದ್ಯೆ ಅಲ್ಲ.

ಆದರೆ ಹೆಣಿಗೆ ಪರೀಕ್ಷೆ ಮಾಡೋದನ್ನ ಮಾತ್ರ ಪ್ರತಿಯೊಬ್ಬರೂ ಕಲೀರಿ. ಒಳಗಿನಿಂದ ಹೆಬ್ಬೆರಳಿನಲ್ಲಿ ಒತ್ತಿಕೊಂಡು ಹೋಗ್ರಿ. ಮೆತ್ತಗ ಅನಿಸಿದರೆ ಕೊಳೆತೈತಿ. ಬಿಳಿ ಪುಡಿ ಉದುರಿದರೆ ಹುಳ ಬಿದ್ದೈತಿ. ಬಡಿದಾಗ ಗಟ್ಟಿ ಸಪ್ಪಳ ಬರಬೇಕು. ಮೇದಾರರು ಕೆಲಸಕ್ಕೆ ಬಂದಾಗ ಪ್ಯಾಟಿಗೆ ಹೋಗಿಬಿಡಬ್ಯಾಡ್ರಿ. ಪಕ್ಕಕ್ಕೆ ಕೂತು ದಬ್ಬೆ ಎತ್ತಿ ಕೊಡ್ರಿ, ಅರ್ಧ ಪಾಠ ಅಲ್ಲೇ ಆಗ್ತದ.

ಕೂಲಿ ಜಾಸ್ತಿ ಅನ್ನೋರಿಗೆ ಒಂದು ಮಾತು. ಹಿಂದೆ ಬಡಿಗೇರ, ಕಂಬಾರ ಇವರಿಗೆ ನಾವು ರಿಪೇರಿಗೊಮ್ಮೆ ರೊಕ್ಕ ಕೊಡ್ತಿರಲಿಲ್ಲ. ರಾಶಿ ಆದಾಗ ಕಣದಲ್ಲೇ ಆಯ ಕೊಡ್ತಿದ್ದಿವಿ. ಕೂರಿಗೆ ಮುರೀಲಿ ಬಿಡಲಿ, ಆಯ ಹೋಗ್ತಿತ್ತು. ಅದರಿಂದ ಕಸುಬುದಾರ ಊರಾಗೇ ಇರ್ತಿದ್ದ. ಆ ಪದ್ಧತಿಯಲ್ಲಿ ದೋಷ ಇದ್ದವು, ಜಾತಿಗೆ ಕಸುಬು ಕಟ್ಟಿಹಾಕಿತ್ತು, ಕಾಳು ಕೊಡೋ ಕೈ ಯಾವಾಗಲೂ ಮೇಲೆ ಇತ್ತು. ಅದು ಮತ್ತೆ ಬರಲಿ ಅಂತ ನಾನು ಹೇಳೋದಿಲ್ಲ. ಆದರೆ ಹತ್ತು ವರ್ಷಕ್ಕೊಮ್ಮೆ ನೆನಪು ಮಾಡಿಕೊಂಡು, ಬಂದಾಗ ಚೌಕಾಶಿ ಮಾಡಿದರೆ ಅವರ ಮಕ್ಕಳು ಬಿದಿರು ಯಾಕೆ ಹಿಡೀತಾರ? ಪ್ಲಾಸ್ಟಿಕ್ ಬುಟ್ಟಿ ಬಂದು ಅವರ ವ್ಯಾಪಾರ ಮೊದಲೇ ಬಿದ್ದೈತಿ. ನಾವು ಕೊಡೋದು ಅರ್ಧ ದಿನದ ಕೂಲಿ ಅಲ್ಲ, ನಾಳೆ ಕರೆದರೆ ಬರಲಿಕ್ಕೆ ಒಬ್ಬರು ಉಳೀಲಿ ಅಂತ ಕೊಡೋದು.

ಎಲ್ಲಕ್ಕಿಂತ ಮುಖ್ಯ ಮಾತು ಈಗ. ಹರಗೋಲಿನ್ಯಾಗ ನಾವೊಬ್ಬರೇ ಹೋಗೋದಿಲ್ಲ. ಕಳೆ ತೆಗೆಯೋ ಹೆಣ್ಣುಮಕ್ಕಳನ್ನ ಕೂಡಿಸಿಕೊಂಡು ಹೋಗ್ತೀವಿ. ಅವರಿಗೆ ತಳ ಹೆಂಗೈತಿ ಅಂತ ಗೊತ್ತಿರೋದಿಲ್ಲ, ಕೇಳಲಿಕ್ಕೂ ಆಗೋದಿಲ್ಲ, ಕೇಳಿದರೆ ನಾಳೆ ಕೆಲಸ ಹೋದೀತು ಅಂತ ಸುಮ್ಮನ ಕೂಡ್ತಾರ. ನಮ್ಮ ತೇಪೆಯ ಮೇಲೆ ನಮ್ಮ ಜೀವ ಇಡೋದು ನಮ್ಮ ಇಷ್ಟ. ಅವರ ಜೀವ ಇಡಲಿಕ್ಕೆ ನಮಗೆ ಹಕ್ಕಿಲ್ಲ. ಆದ್ದರಿಂದ ಯಾರೇ ರಿಪೇರಿ ಮಾಡಲಿ, ಮೊದಲು ಮೊಣಕಾಲು ನೀರಿನಲ್ಲಿ ಉಸುಕಿನ ಚೀಲ ಹೇರಿ ಒಂದು ತಾಸು ನಿಲ್ಲಿಸ್ರಿ. ಆಮೇಲೆ ಬಲ್ಲವರು ಇನ್ನೊಬ್ಬರ ಕೈಯಿಂದ ಮುಟ್ಟಿಸ್ರಿ. ಜನ ಹತ್ತುವಾಗ ಗಾಳಿ ತುಂಬಿದ ಟ್ಯೂಬು ಒಳಗ ಇರಲಿ. ಮೇಲೆ ತುಂಗಾ, ಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬಂದರೆ ಎಂಥಾ ಗಟ್ಟಿ ಹರಗೋಲಾದರೂ ದಂಡೆಯಲ್ಲೇ ಇರಲಿ, ಕಳೆ ನಾಲ್ಕು ದಿನ ಬೆಳೀಲಿ.

ನಮ್ಮ ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರ ಹೊಳೆ ದಂಡೆಯ ಊರು, ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನವರ ಊರು. ಎಷ್ಟೋ ಶರಣರು ಇಷ್ಟದೈವದ ಹೆಸರಿನಿಂದ ವಚನ ಮುಗಿಸಿದರೆ, ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತ ಮಾಡಿಕೊಂಡರು. ಆಡಿದ ಮಾತಿಗೆ ತಾನೇ ಜವಾಬ್ದಾರ ಅಂದಂಗೆ. ರಿಪೇರಿಗೂ ಅದೇ ಅಳತೆ ಇಡ್ರಿ. ಈ ಕೆಲಸಕ್ಕೆ ನನ್ನ ಹೆಸರು ಹಾಕಿ, ಪಕ್ಕದ ಮನೆ ಮಗಳನ್ನ ಕೂಡಿಸಬಲ್ಲೆನಾ ಅಂತ ಕೇಳಿಕೊಳ್ರಿ. ಹೌದು ಅನಿಸಿದರೆ ನೀವೇ ಮಾಡ್ರಿ. ಸ್ವಲ್ಪ ಅನುಮಾನ ಬಂದರೂ ಮೇದಾರರಿಗೆ ಫೋನ್ ಹಚ್ರಿ. ರೋಹಿಣಿ ಮಳೆ ಬರೋದರೊಳಗ ಮುಗಿಸ್ರಿ.