ಬ್ಯಾಗು ತೆರೆಸುವ ಮುನ್ನ

ಕೆಲವು ವರ್ಷಗಳ ಹಿಂದೆ ಅಭ್ಯಾಸ ಬೋಧನೆಯ ವೀಕ್ಷಣೆಗೆಂದು ಒಂದು ಪ್ರೌಢಶಾಲೆಯ ಎಂಟನೇ ತರಗತಿಯಲ್ಲಿ ಕುಳಿತಿದ್ದೆ. ಪಾಠದ ನಡುವೆ ಹುಡುಗಿಯೊಬ್ಬಳು ತನ್ನ ಐವತ್ತು ರೂಪಾಯಿ ಕಾಣುತ್ತಿಲ್ಲವೆಂದು ಅಳತೊಡಗಿದಳು. ಪ್ರಶಿಕ್ಷಣಾರ್ಥಿ ನೇರವಾಗಿ ಕೊನೆಯ ಬೆಂಚಿನ ಹುಡುಗನ ಬಳಿ ಹೋಗಿ ಬ್ಯಾಗು ತೆರೆಸಿದರು. ಏನೂ ಸಿಗಲಿಲ್ಲ. ಎರಡೇ ನಿಮಿಷದಲ್ಲಿ ಪಾಠ ಮುಂದುವರಿಯಿತು. ವೀಕ್ಷಣಾ ನಮೂನೆಯಲ್ಲಿ ‘ತರಗತಿ ನಿರ್ವಹಣೆ’ಯ ಎದುರು ನಾನು ‘ಉತ್ತಮ’ ಎಂದು ಬರೆದೆ. ಮರುದಿನ ಆ ಹಣ ಹುಡುಗಿಯ ಪಠ್ಯಪುಸ್ತಕದೊಳಗೇ ಸಿಕ್ಕಿತು. ಹುಡುಗ ಮಾತ್ರ ಎರಡು ದಿನ ಶಾಲೆಗೆ ಬರಲಿಲ್ಲ.

ಆ ‘ಉತ್ತಮ’ ನನ್ನನ್ನು ಕಾಡಲು ಶುರುವಾದದ್ದು 2023ರ ಚಿತ್ರೋತ್ಸವಗಳಲ್ಲಿ ಮೊದಲು ತೆರೆಕಂಡ ಮೂರು ಚಿತ್ರಗಳನ್ನು ನೋಡಿದ ಮೇಲೆ. ಮೂರೂ ಬೇರೆ ಬೇರೆ ದೇಶದವು. ಮೂರರಲ್ಲೂ ಶಾಲೆಯಿದೆ, ಶಿಕ್ಷಕರಿದ್ದಾರೆ, ಒಂದು ಆರೋಪವಿದೆ.

ಬರ್ಲಿನ್ ಉತ್ಸವದಲ್ಲಿ ಬಂದದ್ದು ಇಲ್ಕರ್ ಚಟಾಕ್ ನಿರ್ದೇಶನದ ಜರ್ಮನ್ ಚಿತ್ರ ‘ದ ಟೀಚರ್ಸ್ ಲೌಂಜ್’. ಶಾಲೆಯಲ್ಲಿ ಕಳ್ಳತನ ನಡೆಯುತ್ತಿರುತ್ತದೆ. ಹುಡುಗರ ಪರ್ಸುಗಳ ತಪಾಸಣೆಯಾಗುತ್ತದೆ. ಅನುಮಾನ ಟರ್ಕಿ ಮೂಲದ ಹುಡುಗನ ಮೇಲೆ ಬೀಳುತ್ತದೆ. ಇದನ್ನು ಒಪ್ಪದ ಹೊಸ ಶಿಕ್ಷಕಿ ಕಾರ್ಲಾ, ಕಳ್ಳರನ್ನು ಹಿಡಿಯಲು ತಾನೇ ಲ್ಯಾಪ್‌ಟಾಪಿನ ಕ್ಯಾಮೆರಾ ಚಾಲೂ ಇಟ್ಟು ಹೋಗುತ್ತಾಳೆ. ಅದರಲ್ಲಿ ಸೆರೆಯಾದದ್ದು ಒಂದು ರವಿಕೆಯ ತೋಳು ಮಾತ್ರ. ಆ ತೋಳಿನ ಆಧಾರದಲ್ಲಿ ಅವಳು ಕಚೇರಿಯ ಸಿಬ್ಬಂದಿಯೊಬ್ಬರನ್ನು ಪ್ರಶ್ನಿಸುತ್ತಾಳೆ. ಆ ಮಹಿಳೆಯ ಮಗ ಅವಳದೇ ತರಗತಿಯ ಜಾಣ ವಿದ್ಯಾರ್ಥಿ. ಅಲ್ಲಿಂದ ಮುಂದೆ ಕಾರ್ಲಾಳ ಒಳ್ಳೆಯ ಉದ್ದೇಶ ಯಾರನ್ನೂ ಕಾಪಾಡುವುದಿಲ್ಲ.

ಕಾನ್ ಉತ್ಸವದಲ್ಲಿ ಬಂದ ಕೋರೆ-ಎಡಾ ಅವರ ಜಪಾನಿ ಚಿತ್ರ ‘ಮಾನ್‌ಸ್ಟರ್’ ಅಲ್ಲಿ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿ ಪಡೆಯಿತು. ಮಗನಿಗೆ ಶಿಕ್ಷಕ ಹೊಡೆದನೆಂದು ತಾಯಿ ಶಾಲೆಗೆ ಬರುತ್ತಾಳೆ. ಅದೇ ದಿನಗಳನ್ನು ಮೊದಲು ತಾಯಿಯ ಕಣ್ಣಿನಿಂದ, ಬಳಿಕ ಶಿಕ್ಷಕನ ಕಣ್ಣಿನಿಂದ, ಕೊನೆಗೆ ಮಕ್ಕಳ ಕಣ್ಣಿನಿಂದ ನೋಡುತ್ತೇವೆ. ಪ್ರತಿ ಸಲವೂ ನಮ್ಮ ಹಿಂದಿನ ತೀರ್ಪು ತಪ್ಪಾಗುತ್ತದೆ. ಅದೇ ಉತ್ಸವದ ಟರ್ಕಿ ಚಿತ್ರ, ನೂರಿ ಬಿಲ್ಗೆ ಜೇಲಾನ್ ಅವರ ‘ಅಬೌಟ್ ಡ್ರೈ ಗ್ರಾಸಸ್’ನಲ್ಲಿ ಮಕ್ಕಳ ಬ್ಯಾಗು ತಪಾಸಣೆಯಲ್ಲಿ ಹುಡುಗಿಯೊಬ್ಬಳ ಪತ್ರ ಸಿಗುತ್ತದೆ. ಆಮೇಲೆ ಶಿಕ್ಷಕನ ಮೇಲೆ ದೂರು ಬರುತ್ತದೆ. ಮೆಚ್ಚಿನ ವಿದ್ಯಾರ್ಥಿನಿಯೊಂದಿಗೆ ಅವನು ಅಷ್ಟು ಕಟುವಾಗಿ ವರ್ತಿಸುವುದನ್ನು ನೋಡುವುದು ಕಷ್ಟ.

ನನ್ನ ಅಭಿಪ್ರಾಯ ಇಷ್ಟೇ: ನಾವು ಪ್ರಶಿಕ್ಷಣಾರ್ಥಿಗಳಿಗೆ ಪಾಠ ಯೋಜನೆ ಬರೆಯಲು ಕಲಿಸುತ್ತೇವೆ, ಪ್ರಶ್ನೆ ಕೇಳಲು, ಕಪ್ಪುಹಲಗೆ ಬಳಸಲು ಕಲಿಸುತ್ತೇವೆ. ಮಗುವಿನ ಬಗ್ಗೆ ತೀರ್ಪು ಕೊಡುವ ಮುನ್ನ ತಡೆದು ನಿಲ್ಲುವುದನ್ನು ಕಲಿಸುವುದಿಲ್ಲ. ನಮ್ಮ ನಮೂನೆಯಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ. ಇಂಥ ಚಿತ್ರಗಳು ಆ ಕೊರತೆಯನ್ನು ತುಂಬಬಲ್ಲವು.

ಇದಕ್ಕೆ ಎರಡು ಆಕ್ಷೇಪಣೆಗಳನ್ನು ಸ್ಟಾಫ್ ರೂಮಿನಲ್ಲೇ ಕೇಳಿದ್ದೇನೆ. ಒಂದು, ‘ಸಿನಿಮಾ ತೋರಿಸುತ್ತಾ ಕುಳಿತರೆ ಪಠ್ಯಕ್ರಮ ಮುಗಿಯುವುದು ಯಾವಾಗ?’ ಎರಡು ವರ್ಷದ ಬಿ.ಎಡ್.ನಲ್ಲಿ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’, ‘ತನ್ನನ್ನು ಅರಿಯುವುದು’ ಎಂಬ ಪತ್ರಿಕೆಗಳೇ ಇವೆ; ಅವುಗಳಿಗೆ ಇದಕ್ಕಿಂತ ಸೂಕ್ತ ಸಾಮಗ್ರಿ ಯಾವುದು? ಜರ್ಮನ್ ಚಿತ್ರದ ಅವಧಿಯಂತೂ ನೂರು ನಿಮಿಷಕ್ಕಿಂತ ಕಡಿಮೆ. ಇನ್ನೊಂದು, ‘ಇಂಗ್ಲಿಷ್ ಅಡಿಬರಹ ಓದಲು ನಮ್ಮವರಿಗೆ ಕಷ್ಟ.’ ಇದು ನಿಜ. ಆದ್ದರಿಂದ ಮುಖ್ಯ ದೃಶ್ಯಗಳನ್ನು ಉಪನ್ಯಾಸಕರು ಮೊದಲೇ ಕನ್ನಡದಲ್ಲಿ ವಿವರಿಸಬೇಕು, ನಡುನಡುವೆ ನಿಲ್ಲಿಸಬೇಕು.

ನಿಲ್ಲಿಸುವುದರಲ್ಲಿ ಇನ್ನೊಂದು ಲಾಭವಿದೆ. ಪರ್ಸು ತಪಾಸಣೆಯ ದೃಶ್ಯ ಮುಗಿದೊಡನೆ ಚಿತ್ರವನ್ನು ತಡೆದು, ‘ಈ ಶಾಲೆಯಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿ ಬರೆಸಿಕೊಳ್ಳಿ. ಚಿತ್ರ ಮುಗಿದ ಮೇಲೆ ಅವರವರು ಬರೆದದ್ದನ್ನು ಅವರೇ ಓದಲಿ. ಸರಿ ಉತ್ತರ ಹೇಳಲು ಹೋಗಬೇಡಿ. ಕಳ್ಳರು ಯಾರೆಂದು ಚಿತ್ರವೂ ಖಚಿತವಾಗಿ ಹೇಳುವುದಿಲ್ಲ. ಶಾಲೆಯಲ್ಲೂ ಎಷ್ಟೋ ಸಲ ನಮಗೆ ಅದು ತಿಳಿಯುವುದೇ ಇಲ್ಲ. ತಿಳಿಯದೆಯೇ ಮಕ್ಕಳ ಜೊತೆ ಮರುದಿನ ಪಾಠ ಮಾಡಬೇಕಾಗುತ್ತದೆ.

ಈ ವರ್ಷ ನನ್ನ ವೀಕ್ಷಣಾ ನಮೂನೆಯ ಕೆಳಗೆ ಪೆನ್ನಿನಿಂದ ಒಂದು ಸಾಲು ಸೇರಿಸಿಕೊಂಡಿದ್ದೇನೆ: ‘ಮಗುವಿನ ಬಗ್ಗೆ ಏನನ್ನು ಊಹಿಸಲಾಯಿತು? ಯಾವ ಆಧಾರದಿಂದ?’ ಅಂದು ಆ ಹುಡುಗನನ್ನೇ ಏಕೆ ಎಬ್ಬಿಸಿದಿರಿ ಎಂದು ನಾನು ಪ್ರಶಿಕ್ಷಣಾರ್ಥಿಯನ್ನು ಕೇಳಬೇಕಿತ್ತು. ಕೇಳಲಿಲ್ಲ, ಏಕೆಂದರೆ ನಾನೂ ಅವನ ಕಡೆಗೇ ನೋಡಿದ್ದೆ.